ಕೊಸರಿಗೆ ಕಾಲಂ ಇರಲಿಲ್ಲ

ಹೋದ ತಿಂಗಳು ಇಬ್ಬರು ಹುಡುಗಿಯರು ಮರಳೂರಿನ ನಮ್ಮ ಮನೆಗೆ ಬಂದಿದ್ದರು. ಯಾವುದೋ ಸಂಸ್ಥೆಯವರು ಜಿಲ್ಲೆಯ ದಿನಸಿ ಅಂಗಡಿಗಳನ್ನು ಹೋಲಿಸಿ ನೋಡುವ ಕೆಲಸಕ್ಕೆ ಅವರನ್ನು ತೆಗೆದುಕೊಂಡಿದ್ದಾರಂತೆ. ರಾಗಿ, ಕಾಳು, ಎಣ್ಣೆ, ಸೊಪ್ಪು ಎಲ್ಲಿ ಚೆನ್ನಾಗಿದೆ, ಎಲ್ಲಿ ಅಗ್ಗ, ಎಲ್ಲಿ ಗಿರಾಕಿಯನ್ನು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಇಷ್ಟನ್ನೂ ಬರೆದು ಕಳಿಸಬೇಕು. ನಾನು ಮದುವೆಗೆ ಮುಂಚಿನಿಂದ ಮೊನ್ನೆ ಮೊನ್ನೆಯವರೆಗೆ ಮಾಡಿದ್ದು ಇದೇ ಕೆಲಸ.

"ಅಕ್ಕ, ಅಂಗಡಿಗೆ ಹೋದ್ರೆ ಫಸ್ಟ್ ಏನ್ ನೋಡ್ಬೇಕು?" ಎಂದಳು ಒಬ್ಬಳು, ಪೆನ್ನು ಹಿಡಿದು.

"ನಿಮಗಿಂತ ಮುಂಚೆ ಯಾರಾದ್ರೂ ಗಿರಾಕಿ ಬಂದು ಹೋಗಿದ್ದಾರಾ ಅಂತ ನೋಡಿ" ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಹೊರಡುವಾಗ ಇನ್ನೊಬ್ಬಳು ಕೇಳಿದಳು: "ನಿಮ್ಮ ಹತ್ರ ಒಂದು ಸ್ಪ್ರಿಂಗ್ ತಕ್ಕಡಿ ಇತ್ತಂತಲ್ಲ ಅಕ್ಕ. ನಮಗೆ ಕೊಡ್ತೀರಾ?"

"ಅದು ಕುಣಿಗಲ್‌ನಲ್ಲಿದೆ."

"ತಂದಿಟ್ಟಿರಿ, ಮುಂದಿನ ವಾರ ಬರ್ತೀವಿ."

"ನಾನು ತರೋಕೆ ಹೋದ್ರೂ ಅವರು ಕೊಡಲ್ಲ."

ಗೇಟಿನ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನಗಿನ್ನೂ ನಲವತ್ತು ತುಂಬಿಲ್ಲ. ನಿವೃತ್ತಿ ಎನ್ನಲು ಇದು ವಯಸ್ಸಲ್ಲ. ಆದರೆ ಕಚೇರಿಗೆ ಬೀಗ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿಟ್ಟು ಕಳಿಸಿದ ಮೇಲೆ ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ನಾನು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಕೆಲವು ಡಾಕ್ಟರುಗಳೂ ಮೇಷ್ಟರುಗಳೂ ಸೇರಿ ಕಟ್ಟಿದ ಒಂದು ಸಣ್ಣ ಸಂಘ ಅದು. ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಒಂದರ ಮೇಲಿನ ಎರಡು ಕೋಣೆ ಅದರ ಕಚೇರಿ. ಸಕ್ಕರೆ ಕಾಯಿಲೆ, ರಕ್ತಹೀನತೆ ಇರುವವರಿಗೆ ಡಾಕ್ಟರು 'ರಾಗಿ ತಿನ್ನಿ, ಕಾಳು ತಿನ್ನಿ' ಎಂದು ಬರೆದುಕೊಟ್ಟರೆ ಅವರು 'ಎಲ್ಲಿ ತಗೊಳ್ಳೋದು ಸಾರ್, ಎಲ್ಲಾ ಕಡೆ ಕಲ್ಲು' ಎನ್ನುತ್ತಿದ್ದರಂತೆ. ಹಾಗಾಗಿ ತುಮಕೂರು, ಗುಬ್ಬಿ, ಕುಣಿಗಲ್‌ನ ಅಂಗಡಿಗಳನ್ನು ತಿಂಗಳು ತಿಂಗಳೂ ನೋಡಿ, ಎರಡು ತಿಂಗಳಿಗೊಮ್ಮೆ ಒಂದು ಹಾಳೆ ಅಚ್ಚು ಮಾಡಿ, ಆಸ್ಪತ್ರೆಗಳ ಗೋಡೆಗೆ ಅಂಟಿಸುವುದು ಎಂದಾಯಿತು. ಹಾಳೆಯಲ್ಲಿ ಮೂರು ಕಾಲಂ: ಬೆಲೆ, ಸಾಮಾನು, ಸೇವೆ. ಮೊದಲು ಅದನ್ನು ರೋಗಿಗಳಷ್ಟೇ ಓದುತ್ತಿದ್ದರು. ಬರಬರುತ್ತಾ ಹಾಸ್ಟೆಲ್‌ಗಳವರೂ ಅದನ್ನೇ ನೋಡಿ ರೇಷನ್ ಯಾರಿಂದ ತರಿಸಬೇಕೆಂದು ನಿರ್ಧರಿಸತೊಡಗಿದರು. ನಮ್ಮ ಹಾಳೆಯಲ್ಲಿ ತಳಕ್ಕೆ ಬಿದ್ದ ಅಂಗಡಿಗೆ ವರ್ಷದ ವ್ಯಾಪಾರವೇ ತಪ್ಪಿಹೋಗುವ ಸ್ಥಿತಿ ಬಂತು.

ಈ ಹಾಳೆಯ ಯಜಮಾನರು ರುದ್ರಮೂರ್ತಿ ಸಾರ್. ಸರ್ಕಾರದಲ್ಲಿ ಲೆಕ್ಕದ ಕೆಲಸ ಮಾಡಿ ರಿಟೈರ್ ಆಗಿ ಬಂದವರು. ಅವರು ಯಾರನ್ನೂ ನಂಬುತ್ತಿರಲಿಲ್ಲ. ಕಚೇರಿಯ ಹಾಲಿಗೂ ನೀರು ಬೆರೆಸಿದೆಯೇ ಎಂದು ಡಿಗ್ರಿ ಕಡ್ಡಿ ಹಾಕಿ ನೋಡುತ್ತಿದ್ದರು. ಸೇರಿದ ದಿನ ನನ್ನ ಕೈಗೆ ಕೊಕ್ಕೆ ಇರುವ ಹಿತ್ತಾಳೆಯ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಟ್ಟು ಹೇಳಿದರು:

"ನೋಡಮ್ಮ ಶಶಿಕಲಾ. ಅಂಗಡಿಯವ್ನು ನಕ್ಕರೆ ತಕ್ಕಡಿ ನೋಡು. ಬೈದರೆ ಚೀಟಿ ನೋಡು. ಸುಮ್ಮನಿದ್ರೆ ಎರಡೂ ನೋಡು."

ಮೂರು ನಿಯಮ. ನೀನು ಯಾರೆಂದು ಹೇಳಬಾರದು. ಬೆಲೆ ಕೇಳಿ ಬರಬಾರದು, ಕೊಂಡೇ ಬರಬೇಕು. ಅಂಗಡಿಯವರಿಂದ ಪುಕ್ಕಟೆಯಾಗಿ ಏನನ್ನೂ ಮುಟ್ಟಬಾರದು, ಒಂದು ಏಲಕ್ಕಿಯನ್ನೂ ಸಹ.

ಎರಡನೆಯ ನಿಯಮ ಮೊದಲು ಇರಲಿಲ್ಲ. ಅದು ಬಂದದ್ದು ನನ್ನಿಂದ. ಮೊದಲ ಸಲ ಬೆಳಗಿನ ರೈಲಿನಲ್ಲಿ ಗುಬ್ಬಿಗೆ ಹೋದೆ. ಪರಮೇಶಣ್ಣ ಎಂಬವರ ದಿನಸಿ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು. ಅವರು ಊದುಬತ್ತಿ ಹಚ್ಚಿ ಪಟಗಳಿಗೆ ತೋರಿಸುತ್ತಿದ್ದರು. ನಾನು ಒಳಗೆ ಕಾಲಿಟ್ಟವಳೇ ತೊಗರಿಬೇಳೆ ಎಷ್ಟು, ಹೆಸರುಕಾಳು ಎಷ್ಟು, ಹುರುಳಿ ಎಷ್ಟು ಎಂದು ಒಂದರ ಹಿಂದೊಂದು ಕೇಳಿ, "ಸರಿ, ಆಮೇಲೆ ಬರ್ತೀನಿ" ಎಂದು ತಿರುಗಿದೆ.

ಊದುಬತ್ತಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಏನಮ್ಮ ನೀನು, ಬೋಣಿ ಹೊತ್ತಲ್ಲಿ ಬಂದು ಅಂಗಡಿ ಎಲ್ಲಾ ವಿಚಾರ್ಸ್ಕೊಂಡು ಬರಿಗೈಲಿ ಹೋಗ್ತೀಯಲ್ಲ! ದಿನವೆಲ್ಲ ನಾನ್ ನೊಣ ಹೊಡೀಲಾ? ಕಡ್ಡಿಪೆಟ್ಗೆನಾದ್ರೂ ತಗೊಂಡು ಹೋಗು!"

ಬೀದಿಯವರೆಲ್ಲ ತಿರುಗಿ ನೋಡಿದರು. ಕಡ್ಡಿಪೆಟ್ಟಿಗೆ ಕೊಂಡು ಬಂದೆ. ಕಚೇರಿಯಲ್ಲಿ ಅದರ ಖರ್ಚು ಹಾಕಿದಾಗ ರುದ್ರಮೂರ್ತಿ ಸಾರ್ ಕಾರಣ ಕೇಳಿದರು. ಹೇಳಿದೆ. ಅವರು "ಹಾಗಾದ್ರೆ ಬೋಣಿ ಗಿರಾಕೀಗೆ ಒಂದು ರೇಟು, ಮಧ್ಯಾಹ್ನದ ಗಿರಾಕೀಗೆ ಇನ್ನೊಂದು ರೇಟು ಇರಬಹುದು. ಮೊದಲ್ನೇ ಗಿರಾಕೀನ ಕಳ್ಕೊಳ್ಳೋಕೆ ಯಾರೂ ಒಪ್ಪಲ್ಲ" ಎಂದರು. ಅಲ್ಲಿಂದ ಮುಂದೆ ಬೆಳಗಿನ ರೈಲು ಬಿಟ್ಟು ತಡವಾಗಿ ಹೋಗುವುದು, ಮೊದಲೊಬ್ಬ ಗಿರಾಕಿ ಬಂದು ಹೋಗುವವರೆಗೆ ರಸ್ತೆಯಾಚೆ ನಿಂತಿರುವುದು ರೂಢಿಯಾಯಿತು. ಆ ಹುಡುಗಿಯರಿಗೆ ನಾನು ಕೊಟ್ಟ ಮೊದಲ ಉತ್ತರದ ಹಿನ್ನೆಲೆ ಇದು.

ಪರಮೇಶಣ್ಣ ಮತ್ತೆಂದೂ ಬೈಯಲಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ನನ್ನನ್ನು ಕಂಡರೆ ಎದ್ದು ನಿಂತು ನಗುತ್ತಿದ್ದರು. ಸ್ಟೂಲು ಹಾಕುತ್ತಿದ್ದರು. ಅವರ ಹೆಸರುಕಾಳು ಮುತ್ತಿನಂತಿತ್ತು. ಒಂದು ಕಲ್ಲಿಲ್ಲ, ಒಂದು ಹುಳುಕಿಲ್ಲ. ನಮ್ಮ ಹಾಳೆಯಲ್ಲಿ ಗುಬ್ಬಿಗೆಲ್ಲ ಅವರೇ ಮೇಲೆ. ನಗುವಿನ ಬಗ್ಗೆ ಸಾರ್ ಹೇಳಿದ್ದು ನೆನಪಿತ್ತು. ತಕ್ಕಡಿ ನೋಡಿದೆ, ತೂಕ ಸರಿಯಾಗಿತ್ತು. ಆದರೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅವರು ನನಗೆ ಹೆಸರುಕಾಳು ತರಲು ಪ್ರತಿ ಸಲವೂ ಪರದೆಯ ಹಿಂದೆ ಹೋಗುತ್ತಿದ್ದರು. ಎದುರಿಗೇ ಮೂಟೆ ಬಾಯಿ ತೆರೆದುಕೊಂಡು ಕೂತಿತ್ತಲ್ಲ?

ಹೆಬ್ಬೂರಿನಲ್ಲಿ ನನ್ನ ಸೋದರತ್ತೆ ಲಕ್ಕಮ್ಮ ಇದ್ದಾಳೆ. ಅವಳ ಮಗಳನ್ನು ನಿಟ್ಟೂರಿಗೆ ಕೊಟ್ಟಿದೆ. ಮಗಳ ಮನೆಗೆ ಹೋಗಿ ಬರುವ ದಾರಿಯಲ್ಲಿ ಗುಬ್ಬಿಯಲ್ಲಿಳಿದು ಪರಮೇಶಣ್ಣನ ಅಂಗಡಿಯಲ್ಲಿ ಒಂದು ಕೆಜಿ ಹೆಸರುಕಾಳು ತರಲು ಹೇಳಿದೆ. ತಂದಳು. ಮೊರಕ್ಕೆ ಸುರಿದು ಕೇರಿ, ಬದಿಗೆ ಬಂದದ್ದನ್ನು ನನಗೆ ತೋರಿಸಿದಳು.

"ಇದೇನ್ಲೇ, ಹೆಸ್ರುಕಾಳಾ ಜಲ್ಲಿನಾ? ಇದ್ರಾಗೆ ಮನೆ ಕಟ್ಬೋದು ಕಣೇ."

ಅದೇ ಅಂಗಡಿ, ಅದೇ ವಾರ, ಅದೇ ಬೆಲೆ. ಪರದೆಯ ಹಿಂದಿನ ಡಬ್ಬ ನನಗೊಬ್ಬಳಿಗೆ ಮೀಸಲಾಗಿತ್ತು! ನನ್ನ ಕೈಲಿದ್ದ ತಕ್ಕಡಿಯನ್ನು ಅವರು ಯಾವಾಗಲೋ ಕಂಡಿರಬೇಕು. ಮುಂದಿನ ಹಾಳೆಯಲ್ಲಿ ಪರಮೇಶಣ್ಣ ಕೆಳಗಿಳಿದರು. ಅದರ ಜೊತೆಗೆ ನಮ್ಮ ಕೆಲಸದ ಕ್ರಮವೂ ಬದಲಾಯಿತು. ಹಾಳೆಯಲ್ಲಿ ಮೇಲೆ ಬರುವ ಅಂಗಡಿಯಲ್ಲಿ ಅವರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರೂ ಕೊಳ್ಳಬೇಕು. ಎರಡು ಪೊಟ್ಟಣಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲಕ್ಕಮ್ಮತ್ತೆಗೆ ಬಸ್ ಚಾರ್ಜೂ ಕೊಂಡ ಸಾಮಾನೂ ಸಿಗುವಂತಾಯಿತು. "ಸರ್ಕಾರಿ ಕೆಲ್ಸ ಸಿಕ್ತು ನಂಗೆ" ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಳು. ಮೊದಲನೆಯ ನಿಯಮ ಅಲ್ಲಿಗೆ ಹೆಬ್ಬೂರಿನ ಮಟ್ಟಿಗೆ ಮುರಿಯಿತು.

ಎರಡು ಸಾವಿರದ ಆಚೆಗೆ ಸರ್ವೀಸ್ ಅಂಗಡಿಗಳು ಬಂದವು. ಬುಟ್ಟಿ ಹಿಡಿದು ನಾವೇ ತೆಗೆದುಕೊಳ್ಳುವುದು, ಬಾಗಿಲಲ್ಲಿ ಕಂಪ್ಯೂಟರ್ ಬಿಲ್ಲು. ಕುಣಿಗಲ್‌ನಲ್ಲೂ ಒಂದು ತೆರೆಯಿತು. ಅಲ್ಲಿ ಪ್ಯಾಕೆಟ್ ತೂಕ ಸರಿ, ಬಿಲ್ಲು ಸರಿ, ಹುಡುಗಿಯರು ನಗುಮುಖ. ಅನುಮಾನ ಪಡಲು ಏನೂ ಇಲ್ಲದಿದ್ದದ್ದೇ ನನಗೆ ಅನುಮಾನ. 'ಆರೋಗ್ಯಕ್ಕೆ' ಎಂದು ಬೋರ್ಡು ಹಾಕಿದ್ದ ಕಪಾಟಿನಲ್ಲಿ ರಾಗಿ ಬಿಸ್ಕತ್ತು ಇತ್ತು. ಪ್ಯಾಕೆಟ್ಟಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದದ್ದನ್ನು ಭೂತಕನ್ನಡಿ ಹಿಡಿದು ಓದಿದರೆ ಮೈದಾ ಮೊದಲು, ಸಕ್ಕರೆ ಆಮೇಲೆ, ರಾಗಿ ಎಲ್ಲೋ ಕೊನೆಗೆ, ಮದುವೆ ಊಟದಲ್ಲಿ ಉಪ್ಪಿನಕಾಯಿ ಇದ್ದಷ್ಟು. ನವಣೆ ಇದೆಯಾ ಎಂದು ಕೇಳಿದರೆ ಹುಡುಗಿ "ಬರ್ಡ್ ಫುಡ್ ಆ ಕಡೆ ಮೇಡಂ" ಎಂದು ತೋರಿಸಿದಳು. ಆದರೆ ಕಾಲಂ ತುಂಬಿಸುವಾಗ ಏನು ಮಾಡುವುದು? ಬೆಲೆ ಕಮ್ಮಿ. ಸೇವೆ ಉತ್ತಮ. ಸಾಮಾನು ನೂರೆಂಟು. ಹಾಳೆಯಲ್ಲಿ ಆ ಅಂಗಡಿ ಮೇಲೇರಿತು.

ಅದು ಮೇಲೇರಿದಷ್ಟೂ ಕೆಳಗಿಳಿದದ್ದು ಚನ್ನಬಸಮ್ಮನ ಅಂಗಡಿ.

ಕುಣಿಗಲ್‌ನ ಹಳೆಯ ಬೀದಿಯಲ್ಲಿ ಮುಂದೆ ದಿನಸಿ ಅಂಗಡಿ, ಹಿಂದೆ ಹಿಟ್ಟಿನ ಮಿಲ್ಲು. ಮಿಲ್ಲಿನಲ್ಲಿ ಗಂಡ, ಅಂಗಡಿಯಲ್ಲಿ ಚನ್ನಬಸಮ್ಮ. ಗಂಡ ಮೈಯೆಲ್ಲ ಹಿಟ್ಟಾಗಿ ಮೌನವಾಗಿರುತ್ತಿದ್ದ. ಇಬ್ಬರ ಮಾತನ್ನೂ ಆಕೆಯೇ ಆಡುತ್ತಿದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಊರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ರಾಗಿಹಿಟ್ಟು, ಬೇಳೆಕಾಳು ಬಹಳ ವರ್ಷಗಳಿಂದ ಹೋಗುತ್ತಿದ್ದುದು ಅಲ್ಲಿಂದಲೇ. ಮಿಲ್ಲಿಗೆ ಹೊಸ ಮೋಟಾರು ತಂದದ್ದು ಆ ವ್ಯಾಪಾರದ ಧೈರ್ಯದ ಮೇಲೆ.

ಸೇವೆಯ ಕಾಲಂನಲ್ಲಿ ನಾನು ಆಕೆಗೆ ಕೊಟ್ಟಷ್ಟು ಸೊನ್ನೆ ಇನ್ಯಾರಿಗೂ ಕೊಟ್ಟಿಲ್ಲ. ಒಮ್ಮೆ ನನ್ನ ಎದುರಿಗೇ ಒಬ್ಬ ವಯಸ್ಸಾದವನು ಬಂದು ಒಂದು ಅಚ್ಚು ಬೆಲ್ಲ ಕೇಳಿದ.

"ಇಲ್ಲ" ಎಂದಳು. ಬೆಲ್ಲ ಎದುರಿಗೇ ಇತ್ತು.

"ಅಗೋ ಐತಲ್ಲಮ್ಮ."

"ಐತೆ. ನಿಂಗಿಲ್ಲ. ಕಾಲ್ಬೆರಳು ಹುಣ್ಣಾಗೈತೆ ಅಂತ ಮೊನ್ನೆ ನಿನ್ ಸೊಸೆ ಬಂದು ಅತ್ಕೊಂಡು ಹೋದ್ಲು. ಹುರುಳಿಕಾಳು ತಗೊಂಡು ಹೋಗು, ಇಲ್ಲಾಂದ್ರೆ ಹಂಗೇ ಹೋಗು."

ಮುದುಕ ಗೊಣಗುತ್ತಾ ಹುರುಳಿಕಾಳು ತೆಗೆದುಕೊಂಡು ಹೋದ. ನಾನು ಹೊರಗೆ ಬಂದು ಬರೆದೆ: 'ಕೇಳಿದ ವಸ್ತು ಇದ್ದರೂ ಕೊಡಲು ನಿರಾಕರಣೆ.' ನಮ್ಮ ಕ್ರಮದಲ್ಲಿ ಅದಕ್ಕೆ ಇದ್ದದ್ದು ಅದೊಂದೇ ಮಾತು.

ಬೆಲೆಯೂ ಅಲ್ಲಿ ಜಾಸ್ತಿಯೇ. ರಾಗಿಗೆ ಕೆಜಿಗೆ ನಾಲ್ಕಾಣೆ ಹೆಚ್ಚು, ಕಾಳುಗಳಿಗೆ ಇನ್ನೂ ಸ್ವಲ್ಪ. ತೂಕ ಸರಿಯಾಗಿರುತ್ತಿತ್ತು. ತೂಗಿ ಚೀಲಕ್ಕೆ ಸುರಿದ ಮೇಲೆ ಆಕೆ ಒಂದು ಹಿಡಿ ತುಂಬ ತೆಗೆದು ಮೇಲೆ ಹಾಕಲು ಬರುತ್ತಿದ್ದಳು. ಕೊಸರು. ನಾನು ಚೀಲದ ಬಾಯಿ ಮುಚ್ಚುತ್ತಿದ್ದೆ. ಮೂರನೆಯ ನಿಯಮ.

"ಬೇಡ ಅಮ್ಮ. ತೂಕ ಸರಿ ಇದ್ರೆ ಸಾಕು."

ಮೊದಲ ಸಲ ಆಕೆಯ ಕೈ ಹಾಗೇ ನಿಂತಿತು. "ಯಾಕವ್ವ, ನನ್ ಕೈ ಮೈಲಿಗೆನಾ?"

"ಅಯ್ಯೋ ಹಂಗಲ್ಲ."

"ಹಂಗಲ್ದೆ ಹೆಂಗೆ? ಕೊಸ್ರು ಸಾಲ್ದು ಅಂತ ಜಗಳ ಆಡೋರ್ನ ಕಂಡಿವ್ನಿ. ಬ್ಯಾಡ ಅಂದೋಳ್ನ ನಿನ್ನೇ ನೋಡ್ತಿರೋದು."

ಪರಮೇಶಣ್ಣನ ಡಬ್ಬ ಕಂಡವಳು ನಾನು. ಇದೂ ಅದೇ ಆಟ, ಗುಬ್ಬಿಯವರು ಪರದೆಯ ಹಿಂದೆ ಆಡಿದ್ದನ್ನು ಈಕೆ ಎದುರಿಗೇ ಆಡುತ್ತಿದ್ದಾಳೆ ಎಂದುಕೊಂಡೆ. ತಿಂಗಳು ತಿಂಗಳೂ ಆಕೆಯ ಹಿಡಿ ಬರುವುದು, ನಾನು ಚೀಲ ಮುಚ್ಚುವುದು ನಡೆಯಿತು.

ಒಂದು ದಿನ ಹಾಸ್ಟೆಲ್ಲಿನ ವಾರ್ಡನ್ ಕಚೇರಿಗೆ ಬಂದರು. ಅಚ್ಚುಕಟ್ಟಾದ ಮನುಷ್ಯ, ಕೈಯಲ್ಲಿ ನಮ್ಮ ಹಾಳೆಗಳ ಕಟ್ಟು.

"ಸಾರ್, ಮೂರು ಸಲದಿಂದ ಕುಣಿಗಲ್‌ನಲ್ಲಿ ಆಯಮ್ಮಂದೇ ತಳದಲ್ಲಿದೆ. ಕಮಿಟಿಯವರು ಕೇಳ್ತಾರೆ, ಇನ್ನೂ ಯಾಕೆ ಅಲ್ಲೇ ತಗೋತೀರಿ ಅಂತ. ಮುಂದಿನ ಹಾಳೇಲೂ ಹಿಂಗೇ ಬಂದ್ರೆ ಆ ಹೊಸ ಸರ್ವೀಸ್ ಅಂಗಡಿಗೆ ಕೊಟ್ಬಿಡ್ತೀವಿ."

"ಹಾಳೆ ಏನು ಹೇಳುತ್ತೋ ಅದು" ಎಂದರು ರುದ್ರಮೂರ್ತಿ ಸಾರ್.

ಮುಂದಿನ ಹಾಳೆ ಅಚ್ಚಿಗೆ ಹೋಗಲು ವಾರವಿತ್ತು. ತಳದ ಅಂಗಡಿಗೆ ಎರಡನೆಯ ಕೊಳ್ಳುವಿಕೆ ಇರಲಿಲ್ಲ, ಆದರೂ ಈ ಸಲ ಲಕ್ಕಮ್ಮತ್ತೆಯನ್ನು ಕಳಿಸಿದೆ. ಚನ್ನಬಸಮ್ಮನ ಆಟವನ್ನು ಬಯಲಿಗೆಳೆಯುವುದೇ ನನ್ನ ಉದ್ದೇಶ. ನನಗೆ ಕೊಸರು ಚಾಚುವ ಕೈ ಹೆಬ್ಬೂರಿನ ಹೆಂಗಸಿಗೆ ಕಲ್ಲು ಕೊಡುತ್ತದೆ ಎಂದೇ ನಂಬಿದ್ದೆ.

ಅತ್ತೆ ತಂದ ರಾಗಿಯನ್ನು ಕೊಕ್ಕೆಗೆ ಹಾಕಿದೆ. ಮುಳ್ಳು ಒಂದು ಕೆಜಿ ದಾಟಿ ಕೆಳಗಿಳಿಯಿತು. ಹುರುಳಿ, ಅದೂ ಹಾಗೇ. ತೊಗರಿಬೇಳೆ, ಅದೂ ಹಾಗೇ.

"ಎಷ್ಟು ತಗೊಂಡೆ ಅತ್ತೆ?"

"ಒಂದೊಂದೇ ಕೇಜಿ ಕಣೇ."

"ಜಾಸ್ತಿ ಇದೆಯಲ್ಲ."

"ಕೊಸ್ರು ಹಾಕ್ತಾಳಲ್ಲ! ನಿಂಗ್ ಹಾಕಾಕಿಲ್ವಾ?"

"ನಾನು ಬೇಡ ಅಂತೀನಿ."

ಅತ್ತೆ ನನ್ನನ್ನೇ ನೋಡಿದಳು. "ಬ್ಯಾಡ ಅಂತೀಯಾ? ಯಾಕ್ಲೇ, ಬುದ್ಧಿಗಿದ್ಧಿ ಐತಾ? ಅಲ್ಲಿ ಎಲ್ರೂ ಹೋಗೋದೇ ಅದ್ಕೆ ಕಣೇ. ಹಾಸ್ಟೆಲ್ ಹುಡ್ಗೀರು ಕಾಲು ಕೇಜಿ ಕಡ್ಲೆಬೀಜ ತಗೊಂಡ್ರೂ ಹಿಡಿ ಮೇಲ್ಹಿಡಿ ಹಾಕ್ತಾಳೆ, ಬೈಕೊಂಡು ಬೈಕೊಂಡು."

ಲೆಕ್ಕ ಹಾಕಿದೆ. ಚನ್ನಬಸಮ್ಮನ ಹಿಡಿ ದೊಡ್ಡದು. ಆ ಹಿಡಿಯನ್ನು ಸೇರಿಸಿಕೊಂಡರೆ ಆಕೆಯ ರಾಗಿಯೂ ಕಾಳೂ ಆ ಹೊಸ ಅಂಗಡಿಯದಕ್ಕಿಂತ ಅಗ್ಗ. ಊರಿನ ಎಲ್ಲ ಗಿರಾಕಿಗಳಿಗೂ ಅಗ್ಗ. ನಿಯಮ ಪಾಲಿಸುವ ನಮ್ಮ ಸಂಘದವರೊಬ್ಬರಿಗೆ ಮಾತ್ರ ದುಬಾರಿ. ಆ ದುಬಾರಿಯನ್ನೇ ನಾವು ಅಚ್ಚು ಹಾಕಿ ಆಸ್ಪತ್ರೆ ಗೋಡೆಗೆ ಅಂಟಿಸುತ್ತಿದ್ದೆವು.

ಪೊಟ್ಟಣಗಳನ್ನು ಸಾರ್ ಮೇಜಿನ ಮೇಲಿಟ್ಟೆ. ಅವರು ಮತ್ತೆ ತಾವೇ ತೂಗಿದರು.

"ಕೊಸರಿಗೆ ಕಾಲಂ ಇಲ್ಲಮ್ಮ."

"ಹಾಕೋಣ ಸಾರ್."

"ಕೊಸರು ಬೆಲೆ ಅಲ್ಲ. ಕೊಟ್ಟರೆ ಕೊಟ್ಟಳು, ಬಿಟ್ಟರೆ ಬಿಟ್ಟಳು. ಅದನ್ನ ಹೆಂಗೆ ಅಚ್ಚು ಹಾಕ್ತೀಯ? ನಿಮ್ಮತ್ತೆ ಹೆಂಗಸು, ಹೆಬ್ಬೂರಿನ ಕಡೆಯೋಳು, ಪರಿಚಯ ಇರಬಹುದು."

"ಹಾಗಾದ್ರೆ ನೀವೇ ಹೋಗಿ ಸಾರ್. ನಿಮ್ಮನ್ನ ಆಯಮ್ಮ ನೋಡಿಲ್ಲ."

ಹೋಗುತ್ತಾರೆಂದು ನಾನು ಎಣಿಸಿರಲಿಲ್ಲ. ಮಾರನೆಯ ದಿನ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ರೈತರಂತೆ ವೇಷ ಮಾಡಿಕೊಂಡು ಬಂದರು. ನಾನೂ ಜೊತೆಗೆ ಹೋಗಿ, ಮಿಲ್ಲಿನಲ್ಲಿ ಹಿಟ್ಟಿಗೆ ಕಾದಿದ್ದ ಹೆಂಗಸರ ನಡುವೆ ತಲೆಗೆ ಸೆರಗು ಹೊದ್ದು ಕೂತೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು.

"ಒಂದು ಕೇಜಿ ರಾಗಿ ಕೊಡಮ್ಮ" ಎಂದರು ಸಾರ್.

ಚನ್ನಬಸಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಜೋಬಲ್ಲಿ ಎಲ್ಡೆಲ್ಡು ಪೆನ್ನಿಕ್ಕಂಡು ರಾಗಿ ಕೊಳ್ಳಾಕೆ ಬಂದವ್ರೆ. ಯಾವೂರಪ್ಪ?"

"ಇಲ್ಲೇ ಹಳ್ಳಿ ಕಡೆ."

"ಹಳ್ಳಿಯೋರಾಗಿ ಒಂದ್ ಕೇಜಿ ರಾಗಿನಾ?" ಎನ್ನುತ್ತಲೇ ತೂಗಿದಳು. ಚೀಲಕ್ಕೆ ಸುರಿದಳು. ಹಿಡಿ ತುಂಬಿ ತಂದಳು. ಸಾರ್ ಅಭ್ಯಾಸಬಲದಿಂದ ಚೀಲದ ಬಾಯಿಗೆ ಕೈ ಅಡ್ಡ ಇಟ್ಟರು.

"ಬೇಡಮ್ಮ."

ಚನ್ನಬಸಮ್ಮ ಮಿಲ್ಲಿನ ಕಡೆ ತಿರುಗಿ ಕೂಗಿದಳು. "ಏಯ್, ನೋಡ್ ಬಾ ಇಲ್ಲಿ! ಕೊಸ್ರು ಬ್ಯಾಡ ಅನ್ನೋ ಹುಡ್ಗಿ ಬತ್ತಾಳಲ್ಲ ತುಮ್ಕೂರಿಂದ, ಅವಳಪ್ಪನೂ ಬಂದವ್ನೆ!"

ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡೆ. ನಾನು ಯಾರೆಂದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತು ಮಾಡಿಕೊಟ್ಟದ್ದು ನನ್ನ ನಿಯಮವೇ. ನಮ್ಮ ಕಡೆ ಕೊಸರು ಬೇಡವೆನ್ನುವ ಹೆಂಗಸು ತನಿಖೆಯವಳಲ್ಲದೆ ಇನ್ನಾರು?

"ತಗೊಳ್ಳಿ ಸ್ವಾಮಿ" ಎಂದು ಸಾರ್ ಹೆಗಲ ಮೇಲಿನ ಟವೆಲ್ ತುದಿಯನ್ನು ಹಿಡಿದೆಳೆದು, ಆ ಹಿಡಿ ರಾಗಿಯನ್ನು ಅದರಲ್ಲಿ ಹಾಕಿ ತಾನೇ ಗಂಟು ಕಟ್ಟಿದಳು. "ನಿಮಗೆ ಬ್ಯಾಡಾಂದ್ರೆ ದಾರೀಲಿ ಯಾವ್ದಾರ ಕೋಳಿಗೆ ಹಾಕಿ. ನನ್ ಅಂಗ್ಡೀಲಿ ವಾಪಸ್ ಇಲ್ಲ."

ಕಚೇರಿಗೆ ಬಂದವರೇ ಸಾರ್ ಟವೆಲ್ ಗಂಟನ್ನು ಬಿಚ್ಚಿ ಕೊಸರನ್ನಷ್ಟೇ ಬೇರೆಯಾಗಿ ತೂಗಿದರು. ಚೀಲವನ್ನು ಬೇರೆ ತೂಗಿದರು. ಚೀಲದಲ್ಲಿ ಕೆಜಿಗೆ ಒಂದು ಕಾಳೂ ಕಮ್ಮಿ ಇರಲಿಲ್ಲ. 'ಮೊದಲೇ ಕಮ್ಮಿ ತೂಗಿ ಆಮೇಲೆ ಹಿಡಿ ಹಾಕೋದು ಹಳೇ ಆಟ' ಎಂಬ ಕೊನೆಯ ಅನುಮಾನವೂ ಅವರಿಗೆ ಉಳಿಯಲಿಲ್ಲ.

ಆ ಸಲದ ಹಾಳೆಯಲ್ಲಿ ಬೆಲೆಯ ಪಕ್ಕ ಹೊಸದೊಂದು ಕಾಲಂ ಬಂತು: 'ಕೊಸರು, ಕೆಜಿಗೆ ಎಷ್ಟು.' ಎಲ್ಲ ಅಂಗಡಿಗಳ ಕೊಸರನ್ನೂ ತೂಗಿ ಹಾಕಿದೆವು. ಬಹಳ ಕಡೆ ಸೊನ್ನೆ. ಚನ್ನಬಸಮ್ಮ ಕುಣಿಗಲ್‌ಗೆಲ್ಲ ಮೇಲಕ್ಕೆ ಬಂದಳು. ಹಾಸ್ಟೆಲ್ ರೇಷನ್ ಅಲ್ಲಿಯೇ ಉಳಿಯಿತು. ನನಗೆ ಬಹಳ ಹೆಮ್ಮೆಯಾಗಿತ್ತು. ನನ್ನ ಕೆಲಸದ ಬಗ್ಗೆ ಭಾಷಣ ಮಾಡಬೇಕಾಗಿದ್ದರೆ ಇಲ್ಲಿಗೇ ಮುಗಿಸುತ್ತಿದ್ದೆ.

ಮುಂದಿನ ತಿಂಗಳು ಹೋದಾಗ ಚನ್ನಬಸಮ್ಮ ನನ್ನನ್ನು ನೋಡಿಯೂ ನೋಡದಂತೆ ತೂಗಿದಳು. ಮುಳ್ಳು ನಡುವೆ ನಿಂತಿತು. ಪೊಟ್ಟಣಕ್ಕೆ ದಾರ ಸುತ್ತಿದಳು. ನಾನು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು ನಿಂತಿದ್ದೆ. ನಿಯಮ ಬದಲಾಗಿತ್ತಲ್ಲ, ಈಗ ಕೊಸರು ಪಡೆಯಬಹುದಿತ್ತು.

"ಕೊಸರು, ಅಮ್ಮ?"

"ಇಲ್ಲ. ಕೇಜಿಗೆ ಎಂಟಾಣೆ ಇಳ್ಸಿವ್ನಿ. ಬರ್ಕೊಂಡು ಹೋಗು."

"ಯಾಕಮ್ಮ?"

ತಕ್ಕಡಿ ಕೆಳಗಿಟ್ಟಳು. "ಯಾಕಾ? ಹಾಸ್ಟೆಲ್ ಸಾಹೇಬ ನಿನ್ ಹಾಳೆ ಹಿಡ್ಕೊಂಡು ಬಂದ. ಕೇಜಿಗೆ ಇಷ್ಟು ಕೊಸ್ರು ಅಂತ ಬರ್ದವ್ರೆ, ಹಂಗಾದ್ರೆ ಮೂಟೆಗೆ ಎಷ್ಟಾಯ್ತು ಕೊಡಿ ಅಂದ. ಮೂಟೆಗೆ ಕೊಸ್ರು ಹಾಕೋರುಂಟೇನವ್ವ? ಅವ್ನು ಹೋದ, ಇನ್ನೊಬ್ಳು ಬಂದ್ಲು. ಹಾಳೇಲಿ ಇರೋಷ್ಟು ಬಿದ್ದಿಲ್ಲ, ಇನ್ನೊಂದ್ ಚೂರು ಹಾಕು ಅಂತ ತೂಗಾಕೆ ನಿಂತ್ಲು. ನನ್ ಕೊಸ್ರನ್ನ ನನ್ ತಕ್ಕಡೀಲೇ ತೂಗ್ತಾಳೆ! ನಾನ್ ಹಾಕ್ತಿದ್ದೆ. ಯಾರೂ ಕೇಳ್ತಿರ್ಲಿಲ್ಲ. ನೀನ್ ಯಾಕವ್ವ ಅದ್ನೂ ಬರ್ಕೊಂಡೆ?"

ವ್ಯಾಪಾರ ಉಳಿಸಿಕೊಟ್ಟವರ ಮೇಲೆ ಇಷ್ಟು ಸಿಟ್ಟೇ ಎಂದು ಸ್ವಲ್ಪ ಕೋಪ ಬಂತು. ಹೊರಗೆ ಬಂದು ಬೆಲೆಯ ಕಾಲಂನಲ್ಲಿ ಹೊಸ ಬೆಲೆ, ಕೊಸರಿನ ಕಾಲಂನಲ್ಲಿ ಸೊನ್ನೆ ಬರೆದೆ. ಲೆಕ್ಕದಲ್ಲಿ ಹೋದ ಕೊಸರೂ ಇಳಿದ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಯಿತು. ಆಕೆಯ ಅಂಗಡಿ ಮೇಲೆಯೇ ಇತ್ತು, ಹಾಸ್ಟೆಲ್ಲೂ ಹೋಗಲಿಲ್ಲ. ಮುಂದಿನ ಹಾಳೆಗಳನ್ನು ನೋಡಿದ ಯಾರಿಗೂ ಅಲ್ಲಿ ಏನೂ ಕಮ್ಮಿಯಾದದ್ದು ಕಾಣಲು ಸಾಧ್ಯವಿರಲಿಲ್ಲ. ಲಕ್ಕಮ್ಮತ್ತೆ ಮಾತ್ರ ಪ್ರತಿ ತಿಂಗಳೂ ಪೊಟ್ಟಣ ನನ್ನ ಮುಂದೆ ಕುಕ್ಕಿ, "ತಗೋ, ನಿನ್ ಸರ್ವೀಸ್ ಅಂಗ್ಡಿ ಇನ್ನೊಂದು" ಎನ್ನುತ್ತಿದ್ದಳು.

ಅಲ್ಲಿಂದ ಕೆಲವು ವರ್ಷಕ್ಕೆ ಸಂಘದ ಹಣ ಮುಗಿಯಿತು. ಡಾಕ್ಟರುಗಳಿಗೂ ಬೇಸರ ಬಂದಿತ್ತು. ಕಚೇರಿ ಮುಚ್ಚಿದ ದಿನ ರುದ್ರಮೂರ್ತಿ ಸಾರ್ ಮೇಜು ಕುರ್ಚಿಗಳ ಪಟ್ಟಿ ಮಾಡಿ ಎರಡು ಸಲ ಎಣಿಸಿದರು. ಸ್ಪ್ರಿಂಗ್ ತಕ್ಕಡಿಯನ್ನು ಪಟ್ಟಿಗೆ ಸೇರಿಸಲಿಲ್ಲ. "ಅದು ನಿನ್ನ ಹತ್ರಾನೇ ಇರ್ಲಿ. ಆದ್ರೆ ಆಗಾಗ ತೂಕದ ಕಲ್ಲು ಹಾಕಿ ಪರೀಕ್ಷೆ ಮಾಡ್ತಿರು, ಸ್ಪ್ರಿಂಗ್ ಅನ್ನೋದನ್ನೂ ನಂಬೋಕಾಗಲ್ಲ" ಎಂದರು.

ಕೆಲಸ ಹೋದ ಮೇಲೆ ಒಂದು ದಿನ ಸುಮ್ಮನೆ ಕುಣಿಗಲ್ ಬಸ್ಸು ಹತ್ತಿದೆ. ಅಭ್ಯಾಸದಂತೆ ಮೊದಲ ಗಿರಾಕಿ ಬಂದು ಹೋಗುವವರೆಗೆ ರಸ್ತೆಯಾಚೆ ನಿಂತೆ. ಆಮೇಲೆ ಒಳಗೆ ಹೋದೆ. ಚನ್ನಬಸಮ್ಮನ ವಿಭೂತಿ ಹಾಗೇ ಇತ್ತು, ಕೂದಲು ಅದೇ ಬಣ್ಣಕ್ಕೆ ಬಂದಿತ್ತು.

"ಏನವ್ವ, ತುಂಬ ದಿನ ಆಯ್ತು. ಹಾಳೆ ಬರ್ತಿಲ್ವಂತೆ?"

"ಕಚೇರಿ ಮುಚ್ಚಿಬಿಟ್ರು ಅಮ್ಮ."

"ಹಂಗಾದ್ರೆ ಈಗ ನೀನು ಯಾರೂ ಅಲ್ಲ?"

"ಯಾರೂ ಅಲ್ಲ. ಒಂದು ಕೇಜಿ ರಾಗಿ ಕೊಡಿ, ಮನೆಗೆ."

"ಬ್ಯಾಗ್ ತೋರ್ಸು."

ಅಷ್ಟು ವರ್ಷ ನಾನು ಅನುಮಾನಪಟ್ಟ ಅಂಗಡಿಗಳಲ್ಲಿ ಒಬ್ಬರಾದರೂ ನನ್ನ ಬ್ಯಾಗು ನೋಡಿರಲಿಲ್ಲ. ತೆರೆದು ಹಿಡಿದೆ. ಆಕೆ ಕೈ ಹಾಕಿ ಕರ್ಚೀಫು, ಪರ್ಸು, ನೀರಿನ ಬಾಟಲಿ ಸರಿಸಿ, ತಳದಿಂದ ತಕ್ಕಡಿಯನ್ನು ಹೊರಗೆ ತೆಗೆದಳು. ಅದು ಬ್ಯಾಗಿನಲ್ಲಿರುವುದು ನನಗೇ ಮರೆತುಹೋಗಿತ್ತೆಂದರೆ ಯಾರು ನಂಬುತ್ತಾರೆ?

"ಯಾರೂ ಅಲ್ದೋಳಿಗೆ ಇದ್ಯಾಕೆ?" ಎಂದು ಅದನ್ನು ತನ್ನ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ನೇತು ಹಾಕಿದಳು. "ಇಲ್ಲೇ ಇರ್ಲಿ. ಮುಂದಿನ್ಸಲ ಬಂದಾಗ ಕೊಡ್ತೀನಿ."

ಆಮೇಲೆ ತೂಗಿದಳು. ಅಂದು ನಾನು ಮುಳ್ಳಿನ ಕಡೆ ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದೆ. ಆದರೆ ಆಕೆ ಬೇಕೆಂದೇ ಅಡ್ಡ ನಿಂತಿದ್ದಳು, ಕಾಣಲಿಲ್ಲ. ಚೀಲಕ್ಕೆ ಸುರಿದು, ಮೂಟೆಗೆ ಕೈ ಹಾಕಿ ಹಿಡಿ ತುಂಬಿಕೊಂಡು ನನ್ನ ಮುಖ ನೋಡುತ್ತಾ ನಿಂತಳು. ನಾನು ಚೀಲ ಮುಚ್ಚಲಿಲ್ಲ. ಅಗಲಿಸಿಯೂ ಹಿಡಿಯಲಿಲ್ಲ. ಸುಮ್ಮನೆ ನಿಂತೆ. ಹಾಕಿದಳು.

ವಾಪಸ್ ಬರುವ ಬಸ್ಸಿನಲ್ಲಿ ಚೀಲ ತೊಡೆಯ ಮೇಲಿತ್ತು. ಎತ್ತಿ ನೋಡಿದೆ, ಇನ್ನೊಂದು ಕೈಗೆ ಬದಲಾಯಿಸಿ ನೋಡಿದೆ. ಕೆಜಿಗೆ ಕಮ್ಮಿ ತೂಗಿ ಮೇಲೆ ಹಿಡಿ ಹಾಕಿದ್ದರೆ? ಅಂದು ಬೇರೆ ಯಾರಿಗೂ ಹಾಕದೆ ನನಗೆ ಮಾತ್ರ ಹಾಕಿದ್ದರೆ? ತಿಳಿಯಲು ನನ್ನ ಹತ್ತಿರ ಏನೂ ಇರಲಿಲ್ಲ. ಹೆಬ್ಬೂರು ಬಂತು. ಇಳಿದೆ.

ಲಕ್ಕಮ್ಮತ್ತೆ ಜಗುಲಿಯ ಮೇಲೆ ಕೂತಿದ್ದಳು. ಚೀಲವನ್ನು ಅವಳ ಕೈಗೆ ಕೊಟ್ಟೆ.

"ಎಷ್ಟೈತೆ?"

"ಒಂದು ಕೇಜಿ ರಾಗಿ ಅತ್ತೆ. ಕುಣಿಗಲ್‌ದು."

ಅವಳು ಒಂದೇ ಸಲ ಎತ್ತಿ ಇಳಿಸಿದಳು.

"ಒಂದ್ ಕೇಜಿಯಂತೆ! ಹಾಕವ್ಳೆ ಬುಡು" ಎಂದು ಒಳಗೆ ಮೊರ ತರಲು ಹೋದಳು.

ಆ ಮೇಲೆ ನಾಲ್ಕು ಸಲ ಕುಣಿಗಲ್‌ಗೆ ಹೋಗಿ ಬಂದಿದ್ದೇನೆ. ತಕ್ಕಡಿ ಇನ್ನೂ ಆ ಮೊಳೆಯಲ್ಲೇ ಇದೆ. ಅದರ ಕೊಕ್ಕೆಗೆ ಚನ್ನಬಸಮ್ಮ ಈಗ ಬೀಗದ ಕೈ ಗೊಂಚಲು ತಗುಲಿಸಿದ್ದಾಳೆ. ಮುಳ್ಳು ಯಾವಾಗಲೂ ಒಂದೇ ತೂಕ ತೋರಿಸುತ್ತದೆ.